ಯೊನಾಶನ ಟೋಪಿಯ ಮೊಳೆ

ಯೊನಾಶ್ ತೀರಿಕೊಂಡ ದಿನ ಬ್ರೆಸ್ತಾವ್ಕಾ ಊರಿಗೆ ಸುದ್ದಿ ತಪ್ಪಾಗಿ ತಿಳಿಯಿತು. ಗಂಡಸು ಹೋದರೆ ಗಂಟೆಯನ್ನು ನಡುನಡುವೆ ನಿಲ್ಲಿಸಿ ಮೂರು ಸಲ ಬಾರಿಸಬೇಕು, ಹೆಂಗಸಾದರೆ ಎರಡು ಸಲ. ನಲವತ್ತು ವರ್ಷ ಹಾಗೆ ಬಾರಿಸಿದವನು ಯೊನಾಶನೇ. ಈಗ ಹಗ್ಗ ಹಿಡಿಯುವವರಿಲ್ಲದೆ ಅವನ ಹೆಂಡತಿ ಮಲ್ವೀನಾ ತಾನೇ ಗೋಪುರಕ್ಕೆ ಹೋದಳು. ಎರಡನೆಯ ಸಲಕ್ಕೇ ತೋಳು ಸೋತಿತು, ಕಣ್ಣು ಮಂಜಾಯಿತು. ಹಗ್ಗ ಬಿಟ್ಟು ಮನೆಗೆ ಬಂದಳು.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಹೆರ್ಮೀನಾ ಗಸಗಸೆ ಹೂರಣದ ರೊಟ್ಟಿ ಹಿಡಿದು ಅಳುತ್ತ ಬಂದಳು. ಬಾಗಿಲು ತೆರೆದವಳು ಮಲ್ವೀನಾ.

"ಅಯ್ಯೋ ದೇವರೇ! ನೀನು ಸತ್ತಿಲ್ವೇನೇ?"

"ಇಲ್ಲ ಕಣೇ. ನಮ್ಮವರು ಹೋದ್ರು."

"ಎರಡೇ ಸಲ ಹೊಡೀತಲ್ಲ! ದಾರಿಯುದ್ದಕ್ಕೂ ನಿನ್ನನ್ನ ಹೊಗಳ್ಕೊಂಡು ಬಂದೆ."

"ಏನಂತ ಹೊಗಳ್ದೆ?"

"ಅದೀಗ ಯಾಕೆ, ಬದುಕಿದ್ದೀಯಲ್ಲ," ಎಂದು ಹೆರ್ಮೀನಾ ಅವಳನ್ನು ತಬ್ಬಿಕೊಂಡು ಮತ್ತೆ ಅತ್ತಳು. ಈ ಸಲ ಯೊನಾಶನಿಗಾಗಿ.

ಸಂಜೆ ಪಾಸ್ಟರ್ ಪಾವೊಲ್ ಬಂದು ಸಮಾಧಾನ ಹೇಳಿದರು. "ನಾಳಿದ್ದು ಮರದ ಚರ್ಚಲ್ಲೇ ಪ್ರಾರ್ಥನೆ ಇಟ್ಕೊಳ್ಳೋಣ, ಮಲ್ವೀನಮ್ಮ. ಅವರ ಮಾತಿಂದಲೇ ಶುರು ಮಾಡ್ತೀನಿ. 'ಈ ಚರ್ಚಲ್ಲಿ ಒಂದೇ ಒಂದು ಮೊಳೆ ಇಲ್ಲ.'"

ಮಲ್ವೀನಾ ತಟ್ಟನೆ ತಲೆಯೆತ್ತಿದಳು.

ಲೂಥರನ ಮತದವರು ಚರ್ಚು ಕಟ್ಟಿಕೊಳ್ಳಲಿ, ಆದರೆ ಊರ ಹೊರಗೆ, ಬರಿಯ ಮರದಲ್ಲಿ, ಗೋಪುರವಾಗಲಿ ಕಬ್ಬಿಣದ ಮೊಳೆಯಾಗಲಿ ಇಲ್ಲದೆ, ಒಂದೇ ವರ್ಷದೊಳಗೆ ಎಂದು ಹಿಂದೆ ಕ್ಯಾಥೊಲಿಕ್ ಚಕ್ರವರ್ತಿ ಅಪ್ಪಣೆ ಕೊಟ್ಟಿದ್ದ. ಆಗದ ಕೆಲಸವೆಂದು ಒಳಗೊಳಗೇ ನಕ್ಕಿದ್ದಿರಬೇಕು. ಊರಿನ ಆ ಮತದ ಸಭೆಯವರು ತೊಲೆಗಳನ್ನು ಮರದ ಗೂಟಗಳಿಂದಲೇ ಜೋಡಿಸಿ ಹನ್ನೊಂದು ತಿಂಗಳಿಗೆ ಒಳಗೆ ಕೂತು ಹಾಡಿದರು. ನೂರು ವರ್ಷದ ಮೇಲೆ ಊರೊಳಗೆ ಗೋಪುರ, ಗಂಟೆ ಸಮೇತ ಕಲ್ಲಿನ ಚರ್ಚು ಎದ್ದಿತು. ಭಾನುವಾರದ ಆರಾಧನೆ ಅಲ್ಲಿಗೆ ಹೋಯಿತು. ಮರದ ಚರ್ಚು ಸತ್ತವರಿಗೂ ನೋಡಬಂದವರಿಗೂ ಉಳಿಯಿತು. ಬಂದವರಿಗೆಲ್ಲ ಯೊನಾಶ್ ಎದೆಯುಬ್ಬಿಸಿ ಹೇಳುತ್ತಿದ್ದ: "ಮೊಳೆ ಹುಡುಕಿ ಸ್ವಾಮಿ! ಸಿಕ್ಕರೆ ಪ್ಲಮ್ ಸಾರಾಯಿ ನಂದು."

ಆದರೆ ಮೊಳೆ ಇತ್ತು. ಉಪ್ಪರಿಗೆಯ ಮೆಟ್ಟಿಲ ಪಕ್ಕದಲ್ಲಿ ಯೇಸುವಿನ ಶಿಷ್ಯ ತೋಮನ ಚಿತ್ರದ ಹಲಗೆಯ ಮೇಲಂಚಿನಲ್ಲಿ, ಆಳೆತ್ತರಕ್ಕೆ. ಯೊನಾಶನೇ ಹೊಡೆದದ್ದು. ಚಳಿಗಾಲ ಬೇಸಿಗೆಯೆನ್ನದೆ ಅದರ ಮೇಲೆ ಅವನ ಟೋಪಿ.

"ಟೋಪಿ ಇಡೋಕೆ ಬೇರೆ ಜಾಗ ಸಿಗ್ಲಿಲ್ವಾ ನಿಮಗೆ? ದೇವರ ಮನೇಲಿ ಮೊಳೆ ಹೊಡೆದು, ಅದರ ಪಕ್ಕದಲ್ಲೇ ನಿಂತು ಸುಳ್ಳು ಹೇಳ್ತೀರಲ್ಲ!" ಎಂದು ಮಲ್ವೀನಾ ಇಪ್ಪತ್ತೇಳು ವರ್ಷ ಬೈದಿದ್ದಳು.

"ತಲೆ ಬೆವರುತ್ತೆ ಕಣೇ, ಸುಮ್ನಿರು," ಎನ್ನುತ್ತಿದ್ದ.

ಈಗ ಅದೇ ಸುಳ್ಳನ್ನು ಪಾಸ್ಟರು ಶವಪೆಟ್ಟಿಗೆಯ ಮುಂದೆ, ದೇವರ ಎದುರಿಗೆ ಹೇಳಲಿದ್ದರು. ಗಂಡ ಸುಳ್ಳು ಹೊತ್ತುಕೊಂಡು ಮಣ್ಣಿಗೆ ಹೋಗಬಾರದು. ಮರುದಿನ ಬೆಳಿಗ್ಗೆ ಅವಳು ಇಕ್ಕಳ ಹಿಡಿದು ಹೊರಟಳು, ಹೆರ್ಮೀನಾಳನ್ನೂ ಎಳೆದುಕೊಂಡು.

ಮರದ ಚರ್ಚಿನಲ್ಲಿ ಟೋಪಿ ತೆಗೆದಿಟ್ಟು ಇಕ್ಕಳ ಹಾಕಿದರೆ ಮೊಳೆ ಜಪ್ಪಯ್ಯ ಅನ್ನಲಿಲ್ಲ. ಹೆರ್ಮೀನಾ ಅವಳ ಸೊಂಟ ಹಿಡಿದು ಎಳೆದಳು.

"ನಿನ್ನೆ ನೀನೇ ಸತ್ತಿದ್ರೆ ಈ ಕೆಲಸ ನನ್ನ ಪಾಲಿಗೆ ಬರ್ತಿರಲಿಲ್ಲ."

"ಮಾತು ಸಾಕು, ಎಳಿ!"

ಮೊಳೆ ಕಿತ್ತು ಬಂತು. ಇಬ್ಬರೂ ನೆಲಕ್ಕೆ ಕೂತರು. ಅವರ ಕಣ್ಣೆದುರಿಗೇ ಹಲಗೆ ಒಂದು ಕಡೆಗೆ ಜಾರಿತು, ತೋಮ ತಲೆ ಓರೆ ಮಾಡಿ ಅವರನ್ನೇ ನೋಡತೊಡಗಿದ. ಹಲಗೆಯ ಹಿಂದಿನ ಹಳೆಯ ಗೂಟ ಹುಳ ತಿಂದು ಪುಡಿಯಾಗಿತ್ತು.

ಹೆರ್ಮೀನಾ ಬಾಯಿ ತೆರೆದಳು. "ಟೋಪಿಗೆ ಹೊಡೆದ ಮೊಳೆಯಲ್ಲ ಕಣೇ ಇದು. ಮೊಳೆ ಮುಚ್ಚೋಕೇ ಆ ಟೋಪಿ."

"ಹೊಸ ಗೂಟ ಹಾಕಬಹುದಿತ್ತಲ್ಲ!"

"ಒಬ್ಬರು ಹಲಗೆ ಹಿಡೀಬೇಕು, ಒಬ್ಬರು ಹೊಡೀಬೇಕು. ಯಾರನ್ನ ಕರೀತಾನೆ? ಕರೆದರೆ ಮೊಳೆ ಹೊಡೆದದ್ದನ್ನ ಹೇಳ್ಬೇಕಲ್ಲ."

"ನನ್ನ ಕರೆದಿದ್ರೆ ಹಿಡ್ಕೋತಿದ್ನಲ್ಲ!"

"ಹಿಡ್ಕೋತಿದ್ದೆ, ಸರಿ. ಬೈಯದೆ ಹಿಡ್ಕೋತಿದ್ಯಾ?"

ಮಲ್ವೀನಾ ಮೂಗೊರಸಿಕೊಂಡು ಮನೆಗೆ ಹೋದಳು. ಕೊಟ್ಟಿಗೆಯ ಗೋಡೆಗೆ ಯೊನಾಶ್ ಮಾಡಿದ ಹುಲ್ಲು ಬಾಚುವ ಮರದ ಕುಂಟೆ ಒರಗಿತ್ತು. ಅದರ ಒಂದು ಹಲ್ಲು ಕಿತ್ತು ತಂದಳು. ಹೆರ್ಮೀನಾ ಹಲಗೆ ಹಿಡಿದಳು, ಮಲ್ವೀನಾ ಹೊಡೆದಳು. ಅಳತೆ ಮಾಡಿ ಕೆತ್ತಿದ ಹಾಗೆ ಹಲ್ಲು ತೂತಿನಲ್ಲಿ ಕೂತಿತು. ತೋಮ ನೆಟ್ಟಗಾದ.

ಮಾರನೆಯ ದಿನ ಚರ್ಚು ತುಂಬಿತ್ತು. "ನಮ್ಮ ಯೊನಾಶ್ ಹೇಳುತ್ತಿದ್ದಂತೆ, ಇಲ್ಲಿ ಒಂದೇ ಒಂದು ಮೊಳೆ ಇಲ್ಲ," ಎಂದು ಪಾಸ್ಟರು ಆರಂಭಿಸಿದರು.

"ಆಮೆನ್!" ಎಂದಳು ಮಲ್ವೀನಾ, ಗಟ್ಟಿಯಾಗಿ. ಆಮೆನ್ ಹೇಳುವ ಜಾಗ ಅದಾಗಿರಲಿಲ್ಲ. ಜನ ತಿರುಗಿ ನೋಡಿದರು. ಹೆರ್ಮೀನಾ ಕೆಮ್ಮಿದಳು.

ಮಣ್ಣು ಮುಚ್ಚಿ ಎಲ್ಲರೂ ಹೊರಟ ಮೇಲೆ ಮಲ್ವೀನಾ ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡು ಸಮಾಧಿಯ ಬಳಿ ಒಬ್ಬಳೇ ನಿಂತಳು. ಕೈ ಜೋಡಿಸಿದಳು.

"ಕರ್ತನೇ, ಸತ್ತೋರಿಗೋಸ್ಕರ ನಿನ್ನನ್ನ ಬೇಡೋ ಪದ್ಧತಿ ನಮ್ಮ ಸಭೇಲಿ ಇಲ್ಲ. ಪಾಸ್ಟರಿಗೆ ಹೇಳ್ಬೇಡ. ನಮ್ಮವರ ಮಾತು ಈಗ ನಿಜ ಆಗಿದೆ, ತಡ ಆಯ್ತು ಅಂತ ಕೋಪ ಮಾಡ್ಕೋಬೇಡ. ನಿನ್ನ ಮನೆ ಹಲಗೆ ಬೀಳದಂಗೆ ನೋಡ್ಕೊಂಡ ಮನುಷ್ಯ. ನಾನು ಬೈದದ್ದನ್ನೆಲ್ಲ ಅವರ ಮನಸ್ಸಿಂದ ತೆಗೆದುಹಾಕು. ಟೋಪಿ ನಾನು ಬರೋವಾಗ ತರ್ತೀನಿ, ನೇತುಹಾಕೋಕೆ ಅಲ್ಲೊಂದು ಮರದ ಗೂಟ ತೋರಿಸಿರು. ನನ್ನ ಯೊನಾಶನಿಗೆ ಶಾಂತಿ ಕೊಡು, ತಂದೆ. ಆಮೆನ್."