ವಾರವೆಲ್ಲ ಚೆಂಡಿಲ್ಲ

"ನಿಮ್ಮಣ್ಣನ್ನ ಮಾರ್ತಾರಂತೆ ಕಣೇ ಹೆಟ್ಟಿ."

ಪಕ್ಕದ ಮಗ್ಗದ ಸಿಸ್ಸಿ ತುಟಿ ಆಡಿಸಿದ್ಲು. ಮಿಲ್ಲಿನ ಸದ್ದಲ್ಲಿ ದನಿ ಕೇಳಲ್ಲ, ನಾವು ತುಟಿ ನೋಡ್ಕೊಂಡೇ ಮಾತಾಡೋದು. ಹಾಗಾಗಿ ಆಚೆ ಸಾಲಿನೋರಿಗೂ ಅಷ್ಟೊತ್ತಿಗೇ ಗೊತ್ತಾಗಿತ್ತು. ಸಮುದ್ರದ ಕಡೆಯ ದೊಡ್ಡ ಫುಟ್‌ಬಾಲ್ ಕ್ಲಬ್ಬು, ಮೇಲಿನ ಡಿವಿಜನ್ನು, ನಮ್ಮೂರ ಕ್ಲಬ್ಬಿಗೆ ದುಡ್ಡು ಕೊಟ್ಟು ನಮ್ಮ ವಿಲ್ಫಣ್ಣನ್ನ ಕೊಳ್ತಾರಂತೆ. ಅದೂ ಮೂವತ್ತು ದಾಟಿದ ಮೇಲೆ. ಆ ವಯಸ್ಸಿಗೆ ನಮ್ಮೂರ ಆಟಗಾರರು ವಾಪಸ್ ಗಣಿಗೆ ಇಳೀತಾರೆ, ಇಲ್ಲ ಹೆಂಡದಂಗಡಿ ಇಡ್ತಾರೆ.

"ಇನ್ಮೇಲೆ ನಮ್ಮನ್ನೆಲ್ಲ ಮಾತಾಡಿಸ್ತೀಯೇನೇ ಮಹಾರಾಣಿ?" ಅಂದ್ಲು ಸಿಸ್ಸಿ.

ನಕ್ಕೆ, ಆದ್ರೆ ನಗು ಪೂರ್ತಿ ಬರಲಿಲ್ಲ. ಅಣ್ಣನ ಬಲ ಮಂಡಿ ವಿಷಯ ನಂಗೂ ಎಡ್ನಾ ಅತ್ತಿಗೆಗೂ ಬಿಟ್ರೆ ಯಾರಿಗೂ ಗೊತ್ತಿರಲಿಲ್ಲ.

ಚಳಿ ಶುರುವಾದಾಗಿಂದ ಅವನು ಚೆಂಡು ತಗೊಂಡು ಬಲಕ್ಕೆ ತಿರುಗಿದ್ರೆ ಮಂಡಿ ಒಳಗೆ ಏನೋ ಜಾರತ್ತೆ. ನೇರ ಓಡಿದ್ರೆ ಏನೂ ಇಲ್ಲ. ಗುಟ್ಟು ಉಳಿದಿದ್ದು ತಾಲೀಮು ಮಾಡಿಸೋ ಮುದುಕ ಗ್ರಿಮ್‌ಶಾ ದಯೆಯಿಂದ. ಅವರು ವಾರವೆಲ್ಲ ಆಟಗಾರರನ್ನ ಮೈದಾನದ ಸುತ್ತ ಓಡಿಸ್ತಾರೆ ಅಷ್ಟೇ, ಚೆಂಡು ಬೀರು ಒಳಗೆ, ಬೀರುಗೆ ಬೀಗ. ಯಾರಾದ್ರೂ ಕೇಳಿದ್ರೆ "ಇವತ್ತೇ ಉಂಡ್ರೆ ಶನಿವಾರ ಹಸಿವು ಎಲ್ಲಿರತ್ತಯ್ಯಾ?" ಅಂತಾರೆ. ಹೆಚ್ಚುಕಮ್ಮಿ ಎಲ್ಲ ಕ್ಲಬ್ಬಲ್ಲೂ ಇದೇ ಪದ್ಧತಿ.

ಶನಿವಾರದ ಆಟದಲ್ಲಿ ಅಣ್ಣ ತಿರುಗೋದನ್ನೇ ಬಿಟ್ಟ. ಚೆಂಡು ಬಂದ ತಕ್ಷಣ ಪಕ್ಕದವನಿಗೆ ದಾಟಿಸಿಬಿಡೋನು. ವಿಲ್ಫ್ ಈಗ ಕಾಲಲ್ಲಲ್ಲ, ತಲೇಲಿ ಆಡ್ತಾನೆ ಅಂತ ಜನ ಹೊಗಳಿದ್ರು, ಪೇಪರಲ್ಲೂ ಬಂತು. ಅದನ್ನ ಓದೇ ದೊಡ್ಡ ಕ್ಲಬ್ಬಿನ ಮ್ಯಾನೇಜರು ಪೆಂಬರ್ಟನ್ ಬಂದಿದ್ದು.

ನಾನು ಮನೆ ಮುಟ್ಟೋ ಹೊತ್ತಿಗೆ ಅವರು ನಮ್ಮ ಮುಂದಿನ ಕೋಣೇಲಿ ಕೂತಿದ್ರು. ಅತ್ತಿಗೆ ಭಾನುವಾರಕ್ಕಂತ ಎತ್ತಿಟ್ಟ ಒಳ್ಳೇ ಚಹಾ ಕಪ್ಪು ತೆಗೆದಿದ್ರು. ಆ ಕ್ಲಬ್ಬು ಕೊಡೋ ಮನೆ, ಅಲ್ಲಿನ ಗಾಳಿ, ಎಲ್ಲದರ ಮಾತೂ ಆಯ್ತು. ಆಮೇಲೆ ಪೆಂಬರ್ಟನ್ ಖುಷಿಯಾಗೇ ಹೇಳಿದ್ರು, "ನಮ್ಮಲ್ಲಿ ಬರೀ ಓಟ ಇಲ್ಲ. ದಿನಾ ಬೆಳಿಗ್ಗೆ ಚೆಂಡು. ನಿಮ್ಮಂಥೋರಿಗೆ ಹಬ್ಬ."

ಅತ್ತಿಗೆ ಕೈಲಿದ್ದ ಚಹಾ ಪಾತ್ರೆ ಅಲ್ಲೇ ನಿಂತ್ಕೊಳ್ತು.

ಸಹಿ ಹಾಕಿ ಹೋದ್ರೆ ಮೊದಲ ಬೆಳಿಗ್ಗೆನೇ ಮಂಡಿ ಗುಟ್ಟು ಬಯಲಾಗತ್ತೆ, ಅದೂ ಗೊತ್ತಿಲ್ಲದ ಊರಲ್ಲಿ. ಇಲ್ಲೇ ಇದ್ರೆ ಗ್ರಿಮ್‌ಶಾ ಬೀಗದ ಮರೇಲಿ ಇನ್ನೊಂದು ಸೀಸನ್ ತಳ್ಳಬಹುದಿತ್ತು. ಬೇಡ ಅಂದಿದ್ರೆ ಸಾಕಿತ್ತು. ಪೆಂಬರ್ಟನ್ ಪೆನ್ನು ಚಾಚಿದ್ರು. ಅಣ್ಣ ಅದನ್ನ ಮುಟ್ಟಲಿಲ್ಲ.

"ಮೊದಲು ಚೆಂಡು ಕೊಟ್ಟು ನೋಡಿ ಸಾರ್. ಬಲಕ್ಕೆ ತಿರುಗು ಅನ್ನಿ. ಆಮೇಲೂ ನಾನು ಬೇಕು ಅನ್ನಿಸಿದ್ರೆ ಪೆನ್ನು ಕೊಡಿ."

ಅವರು ಅಣ್ಣನ ಮುಖ ನೋಡಿದ್ರು, ಮಂಡಿ ನೋಡಿದ್ರು. ಯಾವಾಗಿಂದ ಅಂತ ಕೇಳಿದ್ರು. ಚಳಿ ಶುರುವಾದಾಗಿಂದ ಅಂದ. ಅವರು ಪೆನ್ನಿನ ಮುಚ್ಚಳ ಹಾಕಿ, ತಣ್ಣಗಾಗಿದ್ದ ಚಹಾ ಪೂರ್ತಿ ಕುಡಿದ್ರು.

ನಾಳೆ ಇನ್ನೂ ಗುರುವಾರ, ರಾಜನೇ ಬಂದು ಕೇಳಿದ್ರೂ ಗ್ರಿಮ್‌ಶಾ ಚೆಂಡು ಕೊಡಲ್ಲ ಅಂತ ಅಣ್ಣ ಹೇಳಿದ.

"ನನ್ನ ಕಾರಲ್ಲಿ ಒಂದಿದೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ, ಗ್ಯಾಸ್ ಕಾರ್ಖಾನೆ ಹಿಂದಿನ ಬಯಲಲ್ಲಿ," ಅಂದ್ರು ಪೆಂಬರ್ಟನ್. "ಬೂಟು ಮರೀಬೇಡಿ."