ವಾಲ್ವಿಗೆ ಮೆತ್ತಿದ ಗಂಧ

ಸಿದ್ದಾಪುರದ ಪಿಳ್ಳಣ್ಣ ಮೂವತ್ತೊಂದು ವರ್ಷ ಗಿರಣಿಯ ಬಾಯ್ಲರಿಗೆ ಕಲ್ಲಿದ್ದಲು ಹಾಕಿದವನು. ಗಿರಣಿ ಮುಚ್ಚಿದ ಮೇಲೂ ಕೈ ಸುಮ್ಮನಿರಲಿಲ್ಲ. ಮನೆಯ ಹಿಂದಿನ ಶೀಟಿನ ಕೊಟ್ಟಿಗೆಯಲ್ಲಿ ಒಂಬತ್ತು ವರ್ಷ ಕೂತು ಆಳುದ್ದದ ಉಗಿ ರೈಲು ಎಂಜಿನ್ನೊಂದನ್ನು ಕಟ್ಟಿದ. ತಾಮ್ರದ ಬಾಯ್ಲರು, ಹಿತ್ತಾಳೆಯ ಸೀಟಿ, ನಾಲ್ಕು ಜನ ಕೂತರೂ ಎಳೆಯುವ ಕಸುವು.

ಆಯುಧಪೂಜೆಯ ದಿನ ಅದಕ್ಕೆ ಮೊದಲ ಬೆಂಕಿ. ಹೆಂಡತಿ ಗೋವಿಂದಮ್ಮ ಬೆಳಿಗ್ಗೆಯೇ ವಿಭೂತಿ, ಗಂಧ, ಅರಿಶಿನ ಗಟ್ಟಿಯಾಗಿ ಕಲಸಿ ಎಂಜಿನ್ನಿನ ಮೈತುಂಬ ಬಳಿದು ಕುಂಕುಮ ಇಟ್ಟಿದ್ದಳು. ಬಾಯ್ಲರಿನ ನೆತ್ತಿಯ ಸೇಫ್ಟಿ ವಾಲ್ವಿಗೂ ಒಂದು ಹಿಡಿ ಮೆತ್ತಿದ್ದಳು. ಉಗಿ ಹೆಚ್ಚಾದರೆ ತಾನೇ ತೆರೆದು ಹೊರಗೆ ಬಿಡುವ ಬಾಯಿ ಅದು. ಪಿಳ್ಳಣ್ಣ ನೋಡಿದ. ಪೂಜೆಯ ಬೊಟ್ಟನ್ನು ಅದೇ ದಿನ ಒರೆಸುವುದುಂಟೇ ಎಂದು ಬಿಟ್ಟ.

ಉಗಿಯ ಒತ್ತಡ ತೋರಿಸುವ ಮುಳ್ಳು ಎಂಬತ್ತಕ್ಕೆ ಬಂದಾಗ ತಮ್ಮ ಸಿದ್ದರಾಜು ಗೇಟು ಒದ್ದುಕೊಂಡು ಬಂದ. ಕೈಯಲ್ಲಿ ಹಾರೆ. ಕೊಟ್ಟಿಗೆ ನಿಂತ ಜಾಗ ತನ್ನ ಪಾಲಿನದು, ಹಬ್ಬದೊಳಗೆ ಖಾಲಿಯಾಗಬೇಕು ಎಂದು ಮೂರು ತಿಂಗಳಿಂದ ಹೇಳುತ್ತಿದ್ದ.

"ಏನಣ್ಣ, ರೈಲು ಬಿಡ್ತಿದ್ದೀಯಾ? ಬನಶಂಕರಿಗೆ ಟಿಕೆಟ್ ಎಷ್ಟು?"

"ಹಬ್ಬದ ದಿನ ಬೇಡ ಕಣೋ. ನಾಳೆ ಮಾತಾಡಣ."

"ನಿನ್ನ ನಾಳೆಗಿಷ್ಟು ಬೆಂಕಿ ಹಾಕ!"

ಹಾರೆಯ ಮೊದಲ ಏಟಿಗೆ ಕೊಟ್ಟಿಗೆಯ ಕೆಲಸದ ಬೆಂಚು ಎರಡಾಯಿತು. ಎರಡನೆಯದು ಪಿಳ್ಳಣ್ಣನ ಭುಜಕ್ಕೆ ಬಿತ್ತು. ನೆಲಕ್ಕುರುಳಿದವನು ಮೇಲೆ ನೋಡುತ್ತಾನೆ, ಮುಳ್ಳು ನೂರಾ ಮೂವತ್ತು ದಾಟಿದೆ. ನೂರಕ್ಕೆ ತೆರೆಯಬೇಕಾದ ವಾಲ್ವು ತೆರೆದಿಲ್ಲ. ಗಂಧ ಕಾದು ಸಿಮೆಂಟಿನಂತೆ ಕಚ್ಚಿಕೊಂಡಿತ್ತು.

"ಸಿದ್ದಾ, ಓಡೋ! ಸಿಡಿಯುತ್ತೆ ಅದು!"

"ಸಿಡೀಲಿ, ನಾನೇ ಸಿಡಿಸ್ತೀನಿ!"

ಸಿದ್ದರಾಜು ಬಾಯ್ಲರಿನ ಹೊಟ್ಟೆಗೆ ಗುರಿಯಿಟ್ಟು ಹಾರೆ ಎತ್ತಿದ. ಗಿರಣಿಯಲ್ಲಿ ಪೈಪೊಂದು ಸಿಡಿದಾಗ ಜೊತೆಗಾರ ಗುರುಶಾಂತಪ್ಪನ ಮುಖದ ಚರ್ಮ ಒರೆಸಿದ ಟವೆಲಿಗೇ ಅಂಟಿ ಬಂದದ್ದನ್ನು ಪಿಳ್ಳಣ್ಣ ಕಂಡಿದ್ದ. ಕೈಗೆ ಸಿಕ್ಕ ಸುತ್ತಿಗೆ ಹಿಡಿದು ತಮ್ಮನ ಮಣಿಕಟ್ಟಿಗೆ ಹೊಡೆದ. ಒಣಗಿದ ಸೌದೆ ಮುರಿದ ಸದ್ದು. ಹಾರೆ ಕೆಳಗೆ ಬಿತ್ತು.

ಪಿಳ್ಳಣ್ಣ ಬಾಯ್ಲರಿನ ಒಲೆಯ ತಳ ಬಿಡಿಸುವ ಕಡ್ಡಿ ಎಳೆದ. ಕೆಂಡವೆಲ್ಲ ಅವನ ಪಾದದ ಮೇಲೇ ಸುರಿಯಿತು. ಉಗಿಯನ್ನು ಚಕ್ರಗಳತ್ತ ಬಿಡುವ ಹಿಡಿಕೆ ಪೂರ್ತಿ ತೆರೆದ. ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿದ್ದ ಎಂಜಿನ್ನಿನ ಚಕ್ರಗಳು ಹುಚ್ಚು ಹಿಡಿದಂತೆ ತಿರುಗಿದವು. ಅಷ್ಟರಲ್ಲಿ ಸಿದ್ದರಾಜು ಎಡಗೈಯಲ್ಲಿ ಅವನ ಕುತ್ತಿಗೆ ಹಿಡಿದಿದ್ದ. ಪಿಳ್ಳಣ್ಣ ಅವನ ಕೂದಲು ಹಿಡಿದು ದರದರ ಎಳೆದು, ಹೊರಗಿನ ಬಟ್ಟೆ ಒಗೆಯುವ ಕಲ್ಲಿನ ಮರೆಗೆ ಕೆಡವಿ, ಮೇಲೆ ಬೋರಲು ಬಿದ್ದ. ತಮ್ಮ ಅವನ ತೋಳು ಕಚ್ಚಿದ. ರಕ್ತ ಬಂತು.

"ಕಚ್ಚು. ಕಚ್ಚೋ. ಏಳ್ಬೇಡ ಅಷ್ಟೇ."

"ಅಯ್ಯೋ, ಏನ್ರೀ ಅದು!" ಗೋವಿಂದಮ್ಮ ಹಿತ್ತಲ ಬಾಗಿಲಿಂದ ಚೀರಿದಳು.

"ಬರಬೇಡ ಕಣೇ! ಬಾಗಿಲು ಹಾಕ್ಕೋ!"

ಕಲ್ಲಿನ ಪಕ್ಕದಿಂದ ಮುಳ್ಳು ಕಾಣುತ್ತಿತ್ತು. ನೂರಾ ನಲವತ್ತರಲ್ಲಿ ನಡುಗುತ್ತ ನಿಂತಿತು. ಆಮೇಲೆ ಇಳಿಯತೊಡಗಿತು. ನೂರಾ ಹತ್ತು. ತೊಂಬತ್ತು. ಅರವತ್ತಕ್ಕೆ ಬಂದಾಗ ಪಿಳ್ಳಣ್ಣ ಮೈ ಸಡಿಲ ಬಿಟ್ಟು ಪಕ್ಕಕ್ಕೆ ಹೊರಳಿದ.

ಸಿದ್ದರಾಜು ಎದ್ದು ಅವನ ಪಕ್ಕೆಗೆ ಒದ್ದ. "ಕೊಲೆಗಡುಕ! ಒಂದು ಡಬ್ಬಕ್ಕೋಸ್ಕರ ಒಡಹುಟ್ಟಿದೋನ ಕೈ ಮುರಿದ್ಯಲ್ಲೋ!"

ಪಿಳ್ಳಣ್ಣ ಕಲ್ಲಿಗೆ ಒರಗಿ ಕೂತ. ಪಾದ ಬೊಬ್ಬೆ ಎದ್ದಿತ್ತು. ತಮ್ಮನ ಮುಖವನ್ನೇ ನೋಡಿದ. ಕಣ್ಣು, ಮೂಗು, ಕೆನ್ನೆ, ಎಲ್ಲ ಇದ್ದ ಹಾಗೇ ಇದ್ದವು.

"ಒದಿ," ಎಂದ. "ಈಗ ಎಷ್ಟು ಬೇಕಾದ್ರೂ ಒದಿ."

ಸಿದ್ದರಾಜು ಒದ್ದ.