ದೊಡ್ಡದಕ್ಕೆ

ಬೆಲೆ ಕಟ್ಟುವವನು ರೇಡಿಯೋದ ಬೆನ್ನಿನ ಹಲಗೆ ಬಿಚ್ಚುವವರೆಗೆ ವಿಷಯ ಸರಳವಾಗಿತ್ತು. ಅಜ್ಜ ತೀರಿಕೊಂಡಿದ್ದ. ಅವನಿಗೆ ಇಬ್ಬರು ಹೆಣ್ಣುಮಕ್ಕಳು, ನನ್ನ ಅಮ್ಮ ಮತ್ತು ಚಿಕ್ಕಮ್ಮ. ಉಳಿದದ್ದು ಒಂದು ರೇಡಿಯೋ. ಅದು ಯಾವ ಕಾಲದ್ದು, ಏನು ಬಾಳುತ್ತದೆ ಎಂದು ತಿಳಿದ ಮೇಲೆ ಮಾರುವುದೆಂದು ಅಕ್ಕತಂಗಿ ಒಪ್ಪಿಕೊಂಡಿದ್ದರು. ಒಪ್ಪಿಕೊಂಡಿದ್ದರು ಎಂದರೆ, ಒಬ್ಬರ ಮುಖ ಒಬ್ಬರು ನೋಡದೆ ನನ್ನ ಮೂಲಕ ಹೇಳಿ ಕಳಿಸಿದ್ದರು.

ನಾವು ಮೂವರೂ ಹೋದ ಹಳೇ ಸಾಮಾನಿನ ಅಂಗಡಿಯಲ್ಲಿ ಕೂರಲು ಜಾಗವಿರಲಿಲ್ಲ. ಕುರ್ಚಿಗಳೆಲ್ಲ ಮಾರಾಟಕ್ಕಿದ್ದವು. ಅವನು ಗಾಜಿನ ಮೇಲೆ ಅಚ್ಚಾದ ಊರುಗಳ ಹೆಸರನ್ನು ಬೆರಳಿಟ್ಟು ಓದಿದ, ಪೆಟ್ಟಿಗೆಯ ಮೂಲೆ ಮೂಸಿದ, ಗುಂಡಿ ತಿರುಗಿಸಿದ. ಪೆಟ್ಟಿಗೆ ಒಂದು ಕಂಪನಿಯದು, ಗುಂಡಿಗಳು ಇನ್ನೊಂದರದು ಎಂದ. ಆಮೇಲೆ ಬೆನ್ನು ಬಿಚ್ಚಿ, ಟಾರ್ಚ್ ಬಿಟ್ಟು, ಟ್ರಾನ್ಸ್‌ಫಾರ್ಮರಿನ ಮೇಲೆ ಪೆನ್ಸಿಲ್ಲಿನಲ್ಲಿ ಏನೋ ಬರೆದಿದೆ ನೋಡಿ ಎಂದು ಕರೆದ. ‘ಚಿಕ್ಕದಕ್ಕೆ’ ಎಂದು ಬರೆದು ಹೊಡೆದುಹಾಕಿತ್ತು. ಅದರ ಕೆಳಗೆ ‘ದೊಡ್ಡದಕ್ಕೆ’ ಎಂದಿತ್ತು. ಅಜ್ಜನದೇ ಅಕ್ಷರ ಎಂದು ಇಬ್ಬರೂ ಒಪ್ಪಿದರು. ಆ ದಿನ ಅವರು ಒಪ್ಪಿದ್ದು ಅದೊಂದನ್ನೇ.

ಅಜ್ಜ ರೇಡಿಯೋ ರಿಪೇರಿ ಮಾಡುತ್ತಿದ್ದ. ಮನೆಯ ಮುಂದಿನ ಕೋಣೆಯೇ ಅಂಗಡಿ. ಮಕ್ಕಳನ್ನು ಹೆಸರು ಹಿಡಿದು ಕರೆದವನೇ ಅಲ್ಲ. ದೊಡ್ಡದು, ಚಿಕ್ಕದು, ಅಷ್ಟೇ. ತೊಂದರೆಯೆಂದರೆ, ಬೆಂಚಿನ ಮೇಲೆ ಸದಾ ಇರುತ್ತಿದ್ದ ತನ್ನ ಸ್ವಂತದ ಎರಡು ಸೆಟ್ಟುಗಳನ್ನೂ ಹಾಗೇ ಕರೆಯುತ್ತಿದ್ದ. ದೊಡ್ಡದರ ಗಂಟಲು ಕಟ್ಟಿದೆ ಎಂದು ಅವನು ಕೂಗಿದರೆ, ನೀರು ಕಾಯಿಸಬೇಕೋ ಬೆಸುಗೆ ಕಡ್ಡಿ ಕಾಯಿಸಬೇಕೋ ಅಜ್ಜಿಗೆ ತಿಳಿಯುತ್ತಿರಲಿಲ್ಲವಂತೆ. ದೊಡ್ಡ ಸೆಟ್ಟು ಎಂದೋ ಗುಜರಿಗೆ ಹೋಯಿತು. ಉಳಿದದ್ದು ಚಿಕ್ಕದು, ಇದೇ. ದೊಡ್ಡ ಮಗಳು ತನಗೆ ಬೇಕಾದವನನ್ನು ಮದುವೆಯಾಗಿ ಹೋದಳು. ಅಜ್ಜ ಇಪ್ಪತ್ತಾರು ವರ್ಷ ಅವಳ ಜೊತೆ ಮಾತು ಬಿಟ್ಟ, ಮಾತಾಡದೆಯೇ ಸತ್ತ. ಅವನನ್ನು ಕೊನೆತನಕ ನೋಡಿಕೊಂಡವಳು ಚಿಕ್ಕಮ್ಮ.

“ನನಗೆ ಇಟ್ಟಿದ್ದಾನೆ,” ಅಮ್ಮ ನನ್ನ ಕಿವಿಯಲ್ಲಿ, ಅಂಗಡಿಗೆಲ್ಲ ಕೇಳುವಂತೆ ಹೇಳಿದಳು. “ಮೊದಲು ಅವಳಿಗೆ ಅಂತಿದ್ದ. ಆಮೇಲೆ ಮನಸ್ಸು ಕರಗಿದೆ. ಹೊಡೆದುಹಾಕಿರೋದು ಕಾಣಲ್ವಾ?”

ಚಿಕ್ಕಮ್ಮ ಒಂದು ಕನ್ನಡಿಯ ಬೆಲೆಚೀಟಿ ಓದುತ್ತಿದ್ದಳು. ಯಾವ ಸಾಮಾನು ಯಾವ ಸೆಟ್ಟಿಗೆ ಅಂತ ರಿಪೇರಿಯವರು ಬರೆದಿಟ್ಟುಕೊಳ್ಳುತ್ತಾರೆ, ಅದನ್ನು ಉಯಿಲಿನ ಹಾಗೆ ಯಾರೂ ಓದುವುದಿಲ್ಲ ಎಂದು ಕನ್ನಡಿಗೇ ಹೇಳಿದಳು.

ಬೆಲೆ ಕಟ್ಟುವವನಿಗೆ ಇಬ್ಬರ ಮಾತೂ ಸರಿಯೆನಿಸಿತು. ನನಗೂ. ಟ್ರಾನ್ಸ್‌ಫಾರ್ಮರಿನ ತಂತಿಸುರುಳಿ ಕೈಯಲ್ಲೇ ಸುತ್ತಿದ್ದು, ಯಾವ ಸೆಟ್ಟಿಗೆಂದು ನೋಡಿ ಹೇಳಲಾಗದು, ಆದರೆ ಕರೆಂಟು ಕೊಟ್ಟರೆ ತಿಳಿಯುತ್ತದೆ ಎಂದ. ದೊಡ್ಡ ಸೆಟ್ಟಿಗೆಂದು ಸುತ್ತಿದ್ದಾದರೆ ಈ ಪುಟ್ಟ ಸೆಟ್ಟಿಗೆ ವೋಲ್ಟೇಜು ಹೆಚ್ಚಾಗಿ ಎರಡೇ ನಿಮಿಷಕ್ಕೆ ಕಾದು ಸುಡುತ್ತದೆ, ಆಗ ಆ ಬರಹ ಬರೀ ಸಾಮಾನಿನ ಗುರುತು. ತಣ್ಣಗಿದ್ದರೆ ಇದಕ್ಕೇ ಸುತ್ತಿದ್ದು. ಹಾಗಿದ್ದರೆ ದೊಡ್ಡದು ಯಾರೆಂದು ನೀವೇ ಹೇಳಬೇಕು.

“ಹಾಕಿ,” ಎಂದಳು ಅಮ್ಮ.

ದೀಪ ಹತ್ತಿತು. ಗಾಜಿನ ಊರುಗಳೆಲ್ಲ ಹಳದಿಯಾಗಿ ಬೆಳಗಿದವು. ಯಾವ ಊರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಒಂದು ದನಿ ಎದ್ದಿತು, ಒಂದೇ ಸಮನೆ.

“ಹೂಂ ಅಂತಿದೆ,” ಎಂದಳು ಅಮ್ಮ.

“ಸರಿಯಾಗಿ ಕೇಳಿಸ್ಕೊಳ್ಳೇ. ಊಹೂಂ ಅಂತಿದೆ.” ಎಷ್ಟೋ ಕಾಲದ ಮೇಲೆ ಚಿಕ್ಕಮ್ಮ ನೇರ ಅಕ್ಕನಿಗೇ ಆಡಿದ ಮಾತು ಅದು.

ಒಂದು ನಿಮಿಷವಾಯಿತು. ಏನೋ ವಾಸನೆ ಬಂತು ಎಂದೆ. ಧೂಳು ಕಾದರೂ ಹಾಗೇ ಬರುತ್ತದೆ ಎಂದ ಅವನು, ಗಡಿಯಾರದಿಂದ ಕಣ್ಣು ತೆಗೆಯದೆ. ಅಮ್ಮ ಜ್ವರ ನೋಡುವವಳ ಹಾಗೆ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ನಿಂತಿದ್ದಳು. ಬಿಸಿಯೋ ತಣ್ಣಗೋ ಎಂದು ಅವಳ ಮುಖ ನೋಡಿ ಹೇಳುವ ಹಾಗಿರಲಿಲ್ಲ. ಒಂದೂವರೆ ನಿಮಿಷಕ್ಕೆ ಚಿಕ್ಕಮ್ಮ ಬಂದು ಪ್ಲಗ್ಗು ಕಿತ್ತಳು.

ಇನ್ನೂ ಅರ್ಧ ನಿಮಿಷವಿತ್ತಲ್ಲ, ಮತ್ತೆ ಹಾಕಲೇ ಎಂದು ಅವನು ಕೇಳಿದ.

“ಬೇಡ. ಮಾರೋದಿಲ್ಲ,” ಎಂದಳು ಚಿಕ್ಕಮ್ಮ. “ಅವಳ ಮನೇಲಿ ಇರಲಿ.”

ಸುಟ್ಟುಹೋಗದಿರಲಿ ಎಂದು ಕಿತ್ತಳೋ, ಸುಡದೆ ಇದ್ದುಬಿಟ್ಟರೆ ನೋಡಲಾರೆನೆಂದು ಕಿತ್ತಳೋ, ನನಗೆ ತಿಳಿಯಲಿಲ್ಲ. ಅಮ್ಮನಿಗೂ ತಿಳಿಯಲಿಲ್ಲವೆಂದು ಕಾಣುತ್ತದೆ. ಗೆದ್ದವಳ ಕಳೆ ಅವಳಲ್ಲಿರಲಿಲ್ಲ.

“ಅಪ್ಪ ಕೊಟ್ಟಿದ್ದಾ, ನೀನು ಕೊಡ್ತಿರೋದಾ?” ಎಂದು ಕೇಳಿದಳು.

ಚಿಕ್ಕಮ್ಮ ಪೆಟ್ಟಿಗೆಯ ಒಂದು ಬದಿ ಎತ್ತಿ ಕಾದಳು. ಅಮ್ಮ ಇನ್ನೊಂದು ಬದಿ ಹಿಡಿದಳು. ನಾನು ಬಾಗಿಲು ತೆರೆದೆ. ಮೆಟ್ಟಿಲ ಬಳಿ, ಯಾರು ಹಿಮ್ಮುಖವಾಗಿ ಇಳಿಯಬೇಕೆಂದು ಇಬ್ಬರಿಗೂ ಜಗಳ ಹತ್ತಿತು.